ನಿಕ್ಕಿಯೋ, ಮ್ಯಾಚ್‌ಬಾಕ್ಸೋ: ಹಳೆಯ ಡೈಕಾಸ್ಟ್ ವಾಹನಗಳಲ್ಲಿ ನನ್ನ ಆಯ್ಕೆ

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕಳೆದ ವರ್ಷ ಕೊಂಡ, ಕಲ್ಕತ್ತೆಯಲ್ಲಿ ತಯಾರಾದ ನಿಕ್ಕಿ ಟಾಯ್ಸ್‌ನ ಸ್ಟ್ಯಾಂಡರ್ಡ್ 20 ಆಟಿಕೆ ಮಿನಿಬಸ್ಸು ನನ್ನ ಡೈಕಾಸ್ಟ್ (ಕರಗಿಸಿದ ಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದ) ಗಾಡಿಗಳ ಸಂಗ್ರಹದ ಅತ್ಯುತ್ತಮ ಖರೀದಿ. ಅಷ್ಟೇ ಹಣ ಕೊಟ್ಟು ಅದೇ ಅಂಗಡಿಯಲ್ಲಿ ಲೆಸ್ನಿ ಕಂಪನಿಯ ಎರಡು ಮ್ಯಾಚ್‌ಬಾಕ್ಸ್ ಗಾಡಿಗಳನ್ನೂ ಕೊಂಡಿದ್ದೆನಾದ್ದರಿಂದ, ಇವೆಲ್ಲವನ್ನೂ ಒಂದೇ ಕಪಾಟಿನಲ್ಲಿಟ್ಟು, ಇಲ್ಲಿನ ಒಂದು ಮಳೆಗಾಲ ದಾಟಿಸಿ ಹೋಲಿಸಿ ನೋಡಲು ಸಾಧ್ಯವಾಯಿತು.

ಕೆಲಸದ ನಯದಲ್ಲಿ ಮ್ಯಾಚ್‌ಬಾಕ್ಸಿನದೇ ಮೇಲುಗೈ. ಲಂಡನ್ನಿನ ಲೆಸ್ನಿ ಕಂಪನಿ 1953ರಲ್ಲಿ ಆರಂಭಿಸಿದ ಈ ಸಾಲಿನಲ್ಲಿ, 1969ರಲ್ಲಿ ವೇಗವಾಗಿ ಓಡುವ ಸೂಪರ್‌ಫಾಸ್ಟ್ ಚಕ್ರಗಳು ಬರುವುದಕ್ಕೆ ಮುಂಚಿನ ಗಾಡಿಗಳನ್ನೇ ನಾನು ಹುಡುಕುತ್ತೇನೆ. ನನ್ನಲ್ಲಿರುವ ಕೆಂಪು ಡಬಲ್ ಡೆಕ್ಕರಿನ ಮೈಮೇಲಿನ ‘ವಿಸ್ಕೋ-ಸ್ಟ್ಯಾಟಿಕ್’ ಎಂಜಿನ್ ಎಣ್ಣೆಯ ಜಾಹೀರಾತು ಇಂದಿಗೂ ಓದಲು ಬರುತ್ತದೆ.

ನಿಕ್ಕಿಯ ಬಣ್ಣ ದಪ್ಪ, ಅಂಚುಗಳು ಮೊಂಡು. ಲಿವರ್‌ಪೂಲಿನ ಮೆಕ್ಯಾನೋ ಕಂಪನಿ ತನ್ನ ಡಿಂಕಿ ಆಟಿಕೆಗಳ ಹಳೆಯ ಅಚ್ಚುಗಳಲ್ಲಿ ಕೆಲವನ್ನು 1960ರ ದಶಕದ ಕೊನೆಯಲ್ಲಿ ಕಲ್ಕತ್ತೆಯ ತಯಾರಕರಿಗೆ ಕೊಟ್ಟಿತು. ಬಳಸಿ ಸವೆದ ಆ ಅಚ್ಚುಗಳಿಂದ ಹುಟ್ಟಿದವೇ ನಿಕ್ಕಿ ಗಾಡಿಗಳು. ಕೆಲವು ಗಾಡಿಗಳ ತಳದಲ್ಲಿ ಡಿಂಕಿ ಎಂಬ ಹೆಸರನ್ನು ಅರೆಬರೆ ಅಳಿಸಿರುವುದು ಬೆರಳಾಡಿಸಿದರೆ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಅಟ್ಲಾಸ್ ಎನಿಸಿಕೊಂಡಿದ್ದ ಬಸ್ಸೇ ಇಲ್ಲಿ ಸ್ಟ್ಯಾಂಡರ್ಡ್ 20 ಆಯಿತು, ಏಕೆಂದರೆ ಮದರಾಸಿನಲ್ಲಿ ತಯಾರಾಗುತ್ತಿದ್ದ ನಿಜವಾದ ಗಾಡಿಯ ಹೆಸರೂ ಅದೇ. ನನ್ನ ಬಾಲ್ಯದ ಮಾಟುಂಗದಲ್ಲಿ ನಮ್ಮವರ ಮದುವೆಗಳಿಗೆ ಕೊಪ್ಪರಿಗೆ, ಸೌಟು, ಬಾಳೆಲೆಯ ಕಟ್ಟುಗಳನ್ನು ಹೇರಿಕೊಂಡು ಅಡುಗೆಭಟ್ಟರು ಬಂದಿಳಿಯುತ್ತಿದ್ದುದು ಇಂಥದೇ ಮೊಂಡುಮೂತಿಯ ಗಾಡಿಯಲ್ಲಿ. ಲಂಡನ್ನಿನ ಬಸ್ಸು ಎಷ್ಟೇ ಚೆಂದವಿದ್ದರೂ ಅದರಲ್ಲಿ ನನ್ನವರು ಯಾರೂ ಕೂತಿರಲಿಲ್ಲ.

ನಿಕ್ಕಿಯ ದೊಡ್ಡ ತೊಡಕೆಂದರೆ ಟಯರು. ಮ್ಯಾಚ್‌ಬಾಕ್ಸಿನ ಪ್ಲಾಸ್ಟಿಕ್ ಚಕ್ರಗಳಿಗೆ ಯಾವ ಬಾಧೆಯೂ ಇಲ್ಲ. ನಿಕ್ಕಿಯದು ಬೇರೆಯಾಗಿ ತೊಡಿಸಿದ ರಬ್ಬರು. ಕೊಂಡಾಗಲೇ ಗಟ್ಟಿಯಾಗಿದ್ದ ಅದು ಆಷಾಢದ ಹೊತ್ತಿಗೆ ಬಿರುಕುಬಿಟ್ಟು, ಒಂದು ದಿನ ತುಂಡಾಗಿ ಕಪಾಟಿನ ಕಾಗದದ ಮೇಲೆ ಕಪ್ಪು ಪುಡಿಯಂತೆ ಉದುರಿತು. ಗಾಡಿ ಒಂದು ಕಡೆಗೆ ವಾಲಿ ನಿಂತಿತು.

ವಿದೇಶದಿಂದ ಹೊಸ ಟಯರು ತರಿಸಬಹುದು, ಆದರೆ ನಾಲ್ಕು ಟಯರಿನ ಬೆಲೆಗಿಂತ ಅಂಚೆ ಖರ್ಚೇ ಹೆಚ್ಚಾಗುತ್ತದೆ. ಹಾಗಾಗಿ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗೆ ಗಾಡಿಯನ್ನೇ ಒಯ್ದು, ಪಂಪುಗಳಿಗೆ ಹಾಕುವ ರಬ್ಬರಿನ ಓ-ರಿಂಗುಗಳನ್ನು ಒಂದೊಂದಾಗಿ ತೊಡಿಸಿ ನೋಡಿದೆ. ರಿಂಗಿನ ಒಳವ್ಯಾಸ ಚಕ್ರದ ವ್ಯಾಸಕ್ಕಿಂತ ತುಸು ಕಡಿಮೆಯಿದ್ದರೆ ಮಾತ್ರ ಅದು ಬಿಗಿಯಾಗಿ ಕೂರುತ್ತದೆ, ದಪ್ಪ ಹೆಚ್ಚಾದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ. ಹಳೆಯ ರಬ್ಬರಿನ ಚೂರುಗಳನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಬೇಕೇ ಹೊರತು ಥಿನ್ನರ್ ಮುಟ್ಟಿಸಬಾರದು, ಮೂಲ ಬಣ್ಣ ಕರಗಿಹೋಗುತ್ತದೆ. ಓ-ರಿಂಗಿನಲ್ಲಿ ಟಯರಿನ ಗೆರೆಗಳಿಲ್ಲವೆಂಬ ಕೊರತೆ ಉಳಿದರೂ ಗಾಡಿ ನೆಟ್ಟಗೆ ನಿಂತು ಓಡುತ್ತದೆ. ಮ್ಯಾಚ್‌ಬಾಕ್ಸಿನ ಚಕ್ರ ಬದಲಿಸಬೇಕಾದರೆ ಅಚ್ಚುಗಂಬಿಯ ತುದಿಯನ್ನೇ ಕತ್ತರಿಸಬೇಕಾಗುತ್ತದೆ ಎಂಬುದನ್ನು ನೆನೆದರೆ ಈ ದುರಸ್ತಿ ಎಷ್ಟೋ ವಾಸಿ.

1968ರಲ್ಲಿ ಬಂದ ಹಾಟ್ ವೀಲ್ಸ್ ಗಾಡಿಗಳನ್ನೂ ಓಡಿಸಿ ನೋಡಿದ್ದೇನೆ. ವೇಗದಲ್ಲಿ ಅವುಗಳಿಗೆ ಸಾಟಿಯಿಲ್ಲ, ಆದರೆ ನನಗೆ ಅವು ಯಾರ ನೆನಪನ್ನೂ ತರುವುದಿಲ್ಲ.

ಡೊಂಬಿವಲಿಯ ನಮ್ಮ ಮನೆ ಚಿಕ್ಕದು. ಜಾಗವೊಂದೇ ಮುಖ್ಯವಾಗಿದ್ದರೆ ಗಾತ್ರದಲ್ಲಿ ಚಿಕ್ಕದಾದ ಮ್ಯಾಚ್‌ಬಾಕ್ಸೇ ಸರಿಯಾಗುತ್ತಿತ್ತು, ಮಕ್ಕಳ ಕೈಗೆ ಕೊಡುವವರಿಗೂ ಅದೇ ತಕ್ಕದ್ದು. ನಾನಾದರೋ ಭಾನುವಾರಗಳಂದು ಗಾಡಿಗಳನ್ನು ಹೊರತೆಗೆದು ಒರೆಸಿ, ಬೇಕಾದಲ್ಲಿ ಸಣ್ಣಪುಟ್ಟ ರಿಪೇರಿ ಮಾಡುತ್ತ ಕೂರುವವನು. ಖರ್ಚಿಗೂ ಮಿತಿಯಿರುವುದರಿಂದ ಇನ್ನು ಮುಂದೆ ಕೈಗೂಡುವ ಹಣವೆಲ್ಲ ನಿಕ್ಕಿಗೇ ಮೀಸಲು. ಅವರ ಜಾಗ್ವಾರ್ ಇ-ಟೈಪ್ ಕಾರನ್ನು, ಟಯರು ಇಲ್ಲದಿದ್ದರೂ ಚಿಂತೆಯಿಲ್ಲ, ಮೂಲ ಬಣ್ಣ ಉಳಿದಿದ್ದರೆ ಕೊಳ್ಳುತ್ತೇನೆ.