ಮಳೆಗಾಲದ ಪಲ್ಯಕ್ಕೆ ಫ್ರೋಜನ್ ತರಕಾರಿ: ಬಟಾಣಿ ಗೆದ್ದಿತು, ಬೀನ್ಸ್ ಸೋತಿತು

ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಮಳೆ ಹಿಡಿದುಕೊಂಡಿತೆಂದರೆ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಳ್ಳೆಯ ತರಕಾರಿ ಆರಿಸಿಕೊಳ್ಳುವುದೇ ಕಷ್ಟ. ಈ ಕಾಲಕ್ಕೆಂದೇ ಬರುವ ಕಣಿಲೆಯ, ಅಂದರೆ ಎಳೆ ಬಿದಿರಿನ, ರುಚಿಗೆ ಸಾಟಿಯಿಲ್ಲ, ನಿಜ. ಆದರೆ ಅದನ್ನು ಹೆಚ್ಚಿ, ನೀರು ಬದಲಾಯಿಸುತ್ತ ನೆನೆಸಿಡಬೇಕಾದ್ದರಿಂದ, ಕೆಲಸ ಮುಗಿಸಿ ಬಂದು ಹದಿನೈದು ನಿಮಿಷದಲ್ಲಿ ಅಕ್ಕಿ ರೊಟ್ಟಿಯ ಜೊತೆಗೆ ಏನಾದರೊಂದು ಪಲ್ಯ ಆಗಬೇಕೆನ್ನುವವರಿಗೆ ಅದು ಒದಗುವುದಿಲ್ಲ. ಹೀಗಾಗಿ ಬಟಾಣಿ, ಕ್ಯಾರೆಟ್, ಬೀನ್ಸ್, ಮೆಕ್ಕೆಜೋಳದ ಕಾಳು ಬೆರೆಸಿದ 500 ಗ್ರಾಮಿನ ಫ್ರೋಜನ್ ಪೊಟ್ಟಣ ನಮ್ಮ ಮನೆಗೂ ಬಂತು.

ಇದರಲ್ಲಿ ನಿಜವಾಗಿಯೂ ಚೆನ್ನಾಗಿರುವುದು ಬಟಾಣಿ. ಬಿಡಿಸಿದ ಹಸಿ ಬಟಾಣಿಯ ಸಿಹಿ ಗಂಟೆಗಳು ಕಳೆದಂತೆ ಪಿಷ್ಟವಾಗಿ ಬದಲಾಗುತ್ತ ಹೋಗುತ್ತದೆ. ಕೊಯ್ದ ಕೂಡಲೇ ಶೈತ್ಯೀಕರಿಸಿದರೆ ಆ ಸಿಹಿ ಹಾಗೆಯೇ ಉಳಿಯುತ್ತದೆ. ಒಣ ಬಟಾಣಿಯನ್ನು ನೆನೆಸಿ ಹಸಿಯದೆಂದು ಮಾರುವ ಹಿಟ್ಟುಹಿಟ್ಟು ಕಾಳಿಗಿಂತ ಇದು ಎಷ್ಟೋ ಮೇಲು. ಜೋಳದ ಕಾಳಿನ ಬಗ್ಗೆಯೂ ದೂರಿಲ್ಲ. ಕ್ಯಾರೆಟ್ ಸಾಧಾರಣ. ಬೀನ್ಸ್ ಮಾತ್ರ ಹಲ್ಲಿಗೆ ಸಿಕ್ಕರೆ ರಬ್ಬರಿನಂತೆ ಕಿರ್ರೆನ್ನುತ್ತದೆ, ಇನ್ನಷ್ಟು ಬೇಯಿಸಿದರೆ ಸಿಪ್ಪೆಯಷ್ಟೇ ಉಳಿಯುತ್ತದೆ.

ಪಲ್ಯ ಕೆಡುವುದಕ್ಕೆ ಬಹಳಷ್ಟು ಸಲ ಪೊಟ್ಟಣವಲ್ಲ, ಬೇಯಿಸುವ ಕ್ರಮವೇ ಕಾರಣ. ಶೈತ್ಯೀಕರಿಸುವ ಮೊದಲೇ ಈ ತರಕಾರಿಯನ್ನು ಕುದಿನೀರಿನಲ್ಲೋ ಹಬೆಯಲ್ಲೋ ಸ್ವಲ್ಪ ಹೊತ್ತು ಬೇಯಿಸಿರುತ್ತಾರೆ. ಜೊತೆಗೆ ಒಳಗಿನ ನೀರು ಮಂಜಾಗುವಾಗ ಕೋಶಗಳು ಒಡೆದಿರುವುದರಿಂದ, ಕರಗಲು ಬಿಟ್ಟರೆ ನೀರೆಲ್ಲ ಸೋರಿ ತರಕಾರಿ ಮೆತ್ತಗಾಗುತ್ತದೆ. ಆದ್ದರಿಂದ ಕರಗಿಸದೆ, ತೊಳೆಯದೆ, ಫ್ರೀಜರಿನಿಂದ ನೇರವಾಗಿ ಬಾಣಲೆಗೆ ಹಾಕುವುದು ಲೇಸು. ಅಗಲವಾದ ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾದು, ಸಾಸಿವೆ, ಉದ್ದಿನಬೇಳೆ, ಕರಿಬೇವು, ಜಜ್ಜಿದ ಗಾಂಧಾರಿ ಮೆಣಸು ಸಿಡಿದ ಮೇಲೆ ತರಕಾರಿ ಸುರಿದರೆ ಒಮ್ಮೆಲೇ ಚುಂಯ್ ಎಂದು ಹಬೆ ಏಳುತ್ತದೆ. ಆಗ ಮುಚ್ಚಳ ಹಾಕಬಾರದು, ಉರಿಯನ್ನೂ ತಗ್ಗಿಸಬಾರದು. ತಳದಲ್ಲಿ ನಿಂತ ನೀರು ಆರಿ, ಕ್ಯಾರೆಟ್ಟಿನ ಅಂಚು ಅಲ್ಲಲ್ಲಿ ಕಂದುಬಣ್ಣಕ್ಕೆ ತಿರುಗುವ ತನಕ ಕೈಯಾಡಿಸಿ, ಕೊನೆಯಲ್ಲಿ ಉಪ್ಪು ಮತ್ತು ಹೊಸದಾಗಿ ತುರಿದ ತೆಂಗಿನಕಾಯಿ ಬೆರೆಸಿದರೆ ಪಲ್ಯ ಉದುರುದುರಾಗಿ ಬರುತ್ತದೆ. ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿಯ ನಾಲ್ಕು ಹನಿಯೂ ರುಚಿಗೆ ಒಪ್ಪುತ್ತದೆ, ಆದರೆ ಹಸಿರು ಬಣ್ಣ ಮಂಕಾಗುತ್ತದೆ. ಹಂದಿಮಾಂಸಕ್ಕೆ ಒಪ್ಪುವ ಅದರ ಕಪ್ಪು ಬಣ್ಣ ಬಟಾಣಿಗೆ ಶೋಭಿಸದು.

ಕೊಡಗಿನಲ್ಲಿ ಇದನ್ನು ಕೊಳ್ಳುವವರು ತಯಾರಕರಿಗಿಂತ ಅಂಗಡಿಯ ಫ್ರೀಜರನ್ನೇ ಹೆಚ್ಚು ಅನುಮಾನಿಸಬೇಕು. ಪೊಟ್ಟಣದ ಮೇಲೆ ಮೈನಸ್ 18 ಡಿಗ್ರಿಯಲ್ಲಿ ಇಡಬೇಕೆಂದು ಅಚ್ಚಾಗಿರುತ್ತದೆ. ಮರ ಬಿದ್ದು ತಂತಿ ಹರಿದು, ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಜನರೇಟರ್ ಇಲ್ಲದ ಅಂಗಡಿ ಅದನ್ನು ಪಾಲಿಸುವುದಾದರೂ ಹೇಗೆ? ನಾವು ಒಂದು ಅಂಗಡಿಯಿಂದ ತಂದ ಪೊಟ್ಟಣವನ್ನು ಕತ್ತರಿಸಿದಾಗ ಕಾಳುಗಳು ಬಿಡಿಬಿಡಿಯಾಗಿರದೆ ಇಟ್ಟಿಗೆಯ ಹಾಗೆ ಒಂದೇ ಗಡ್ಡೆಯಾಗಿದ್ದವು. ಒಮ್ಮೆ ಕರಗಿ ಮತ್ತೆ ಗಟ್ಟಿಯಾದುದರ ಗುರುತು ಅದು. ಅಂಗಡಿಯವರು ತಕರಾರಿಲ್ಲದೆ ಬದಲಾಯಿಸಿಕೊಟ್ಟರು. ಕೊಟ್ಟದ್ದೂ ಅಂಥದೇ ಆಗಿತ್ತು. ಕೊಳ್ಳುವ ಮೊದಲು ಪೊಟ್ಟಣವನ್ನು ಅಲುಗಾಡಿಸಿ, ಒಳಗೆ ಕಾಳು ಉರುಳುವ ಸದ್ದು ಕೇಳಿದರೆ ಮಾತ್ರ ತೆಗೆದುಕೊಳ್ಳುವುದು ಒಳಿತು.

ಸಂತೆಯ ತರಕಾರಿಗಿಂತ ದುಬಾರಿಯಾದರೂ ಸಿಪ್ಪೆ, ನಾರು, ಕೊಳೆತದ್ದು ಎಂದು ಎಸೆಯುವುದೇನೂ ಇಲ್ಲದ್ದರಿಂದ ಬೆಲೆ ಅನ್ಯಾಯವೆನಿಸಲಿಲ್ಲ. ಮಿಶ್ರ ತರಕಾರಿಯನ್ನು ಮಾತ್ರ ಇನ್ನು ಕೊಳ್ಳುವುದಿಲ್ಲ. ಬಟಾಣಿ ಮತ್ತು ಜೋಳದ ಸಣ್ಣ ಪೊಟ್ಟಣಗಳನ್ನು ಬೇರೆಬೇರೆಯಾಗಿ ತಂದು, ಕ್ಯಾರೆಟ್ಟನ್ನು ಮನೆಯಲ್ಲೇ ಹೆಚ್ಚಿ ಬೆರೆಸಿದರೆ ಐದು ನಿಮಿಷ ಹೆಚ್ಚು ಹಿಡಿದೀತು, ಅಷ್ಟೇ.