ಮೊದಲ ಪುಟ ನಂಬಿ ಜಾಗ ಕೊಂಡೆವು, ಬಾವಿಯಲ್ಲಿ ಪೆಟ್ರೋಲ್ ಸಿಕ್ಕಿತು

ಹಿಂದೆ ನೆಲದಡಿಯ ಇಂಧನ ಟ್ಯಾಂಕ್ ಇದ್ದ ಜಾಗವನ್ನು ಕೊಳ್ಳುವ ಯೋಚನೆಯಿದ್ದರೆ ಮುಂಗಡ ಕೊಡುವ ಮೊದಲು ಇದನ್ನು ಓದಿ. ಇಷ್ಟನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಮನೆಮಂದಿಯೆಲ್ಲ ಎಂಟು ತಿಂಗಳು ಆ ಬಾವಿಯ ನೀರು ಕುಡಿಯುತ್ತಿರಲಿಲ್ಲ.

ಟ್ಯಾಂಕ್ ಕಿತ್ತು ಗುಂಡಿ ಮುಚ್ಚಿ ಬಹಳ ವರ್ಷವಾಯಿತು ಎಂದು ಮಾರಿದವರು ಹೇಳಿದ್ದರು. ಜೊತೆಗೆ ಒಂದು ಪರೀಕ್ಷಾ ವರದಿಯನ್ನೂ ಕೊಟ್ಟಿದ್ದರು. ‘ಮಾಲಿನ್ಯ ಕಂಡುಬಂದಿಲ್ಲ’ ಎಂದು ಮೊದಲ ಪುಟದಲ್ಲೇ ಇತ್ತು. ಕೆಳಗೆ ಸಹಿ, ಮೊಹರು. ಉಳಿದ ಪುಟಗಳನ್ನು ನಾನು ತೆರೆಯಲಿಲ್ಲ.

ಮಳೆಗಾಲದಲ್ಲಿ ಬಾವಿಯ ನೀರು ಮೇಲೇರಿತು. ಒಂದು ಬೆಳಿಗ್ಗೆ ಸೇದಿಟ್ಟ ಬಕೆಟ್ಟಿನ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪರೆ ಕಂಡಿತು. ಕಡ್ಡಿಯಿಂದ ಕಲಕಿದೆ. ಕಬ್ಬಿಣದ ಅಂಶದಿಂದ ಕಟ್ಟುವ ಪರೆಯಾದರೆ ಚೂರುಚೂರಾಗಿ ಒಡೆದು ಹಾಗೆಯೇ ನಿಲ್ಲುತ್ತದೆ. ಇದು ಸುರುಳಿ ಸುತ್ತಿ ಮತ್ತೆ ಒಂದಾಯಿತು. ಎಣ್ಣೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಅಂತರ್ಜಲ ಬಲ್ಲ ಭೂವಿಜ್ಞಾನಿಯೊಬ್ಬರನ್ನು ಕರೆಸಿದೆವು. ಅವರು ಹಳೆಯ ವರದಿಯ ಕೊನೆಯ ಪುಟದಿಂದ ಓದಲು ಶುರುಮಾಡಿದರು. ಮಣ್ಣಿನ ಮೂರು ಮಾದರಿಗಳನ್ನು ತೆಗೆದದ್ದು ಒಂದು ಮೀಟರ್ ಆಳದಲ್ಲಿ, ಅದೂ ಗುಂಡಿಯ ನಡುವೆ. ಅಲ್ಲಿದ್ದದ್ದು ಟ್ಯಾಂಕ್ ಕಿತ್ತ ಮೇಲೆ ಹೊರಗಿನಿಂದ ತಂದು ತುಂಬಿಸಿದ ಮರಳು! ಅದರಲ್ಲಿ ಪೆಟ್ರೋಲ್ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಒಂದು ಮಾದರಿ ಮಾಡಿದ್ದರು. ಪೆಟ್ರೋಲಿನಲ್ಲಿರುವ ಬೆಂಜೀನ್‌ನಂಥ ವಸ್ತುಗಳು ಮಣ್ಣನ್ನು ಕಲಸುವಾಗಲೇ ಆವಿಯಾಗಿ ಹೋಗುತ್ತವೆ. ನೀರಿನ ಮಾದರಿಯನ್ನಂತೂ ತೆಗೆದೇ ಇರಲಿಲ್ಲ. ಬರೆದ ಅಂಕಿಗಳಲ್ಲಿ ಸುಳ್ಳಿರಲಿಲ್ಲ, ಆದರೆ ನೋಡಬೇಕಾದ ಜಾಗವನ್ನು ಯಾರೂ ನೋಡಿರಲಿಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೊಸದಾಗಿ ಕೊರೆಸಿದಾಗ ಟ್ಯಾಂಕ್ ಇದ್ದ ಕಡೆಗಿಂತ ಪೆಟ್ರೋಲ್ ಹಾಕುವ ಪಂಪಿಗೆ ಹೋಗುತ್ತಿದ್ದ ಕೊಳವೆಯ ತಿರುವಿನ ಕೆಳಗೇ ಹೆಚ್ಚು ಕೆಟ್ಟ ಮಣ್ಣು ಸಿಕ್ಕಿತು. ಮೂರೂವರೆ ಮೀಟರ್ ತನಕ ಕೆಂಪು ಮಣ್ಣು, ಆಮೇಲೆ ಇದ್ದಕ್ಕಿದ್ದಂತೆ ಬೂದು ಹಸಿರು ಪಟ್ಟಿ. ಮೂಗಿನ ಹತ್ತಿರ ತರುವ ಮೊದಲೇ ವಾಸನೆ ಬಡಿಯಿತು. ಪೆಟ್ರೋಲ್ ನೀರಿಗಿಂತ ಹಗುರ. ಸೋರಿದ್ದು ಕೆಳಗಿಳಿದು ಅಂತರ್ಜಲದ ಮೇಲೆ ತೇಲುತ್ತದೆ. ನೀರಿನ ಮಟ್ಟ ಬೇಸಿಗೆಯಲ್ಲಿ ಇಳಿದು ಮಳೆಗೆ ಏರಿದಂತೆಲ್ಲ ಅದೂ ಇಳಿದೇರಿ ನಡುವಿನ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ. ಒಂದೇ ಕಾಲದಲ್ಲಿ ಒಮ್ಮೆ ಮಾಡಿಸಿದ ಪರೀಕ್ಷೆಯನ್ನು ನಂಬಬಾರದು ಎನ್ನುವುದು ಇದಕ್ಕೇ.

ನೀರು ಯಾವ ಕಡೆ ಹರಿಯುತ್ತದೆ ಎಂದು ತಿಳಿಯಲು ಕನಿಷ್ಠ ಮೂರು ವೀಕ್ಷಣಾ ಬಾವಿಗಳು (ಅಂತರ್ಜಲ ಪರೀಕ್ಷಿಸಲೆಂದೇ ಕೊರೆಸುವ ಬಾವಿಗಳು) ಬೇಕು, ಅವೂ ಒಂದೇ ಸಾಲಿನಲ್ಲಿ ಇರಬಾರದು. ಮೂರರ ನೀರಿನ ಮಟ್ಟ ಅಳೆದಾಗ ನಮ್ಮಲ್ಲಿ ಹರಿವು ಹಳೆಯ ಟ್ಯಾಂಕಿನ ಕಡೆಯಿಂದ ನೇರ ನಮ್ಮ ಬಾವಿಯತ್ತ ಇತ್ತು.

ಪರೀಕ್ಷೆಗೆ ಕಳಿಸುವ ನೀರು ತುಂಬುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬೆರಳುದ್ದದ ಗಾಜಿನ ಸೀಸೆಗೆ ಅಂಚು ಉಬ್ಬುವಷ್ಟು ನೀರು ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ತಟ್ಟಿದರು. ಸಾಸಿವೆಯಷ್ಟು ಗುಳ್ಳೆ ಕಂಡಿತು. ಅದನ್ನು ಬದಿಗಿಟ್ಟು ಬೇರೆ ಸೀಸೆ ತುಂಬಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರು. ಆ ಗುಳ್ಳೆಯೊಳಗೂ ಬೆಂಜೀನ್ ಸೇರಿಕೊಂಡು ಅಳತೆ ಕಡಿಮೆ ಬರುತ್ತದಂತೆ.

ವಾಸನೆಯಿಲ್ಲ, ಹಾಗಾಗಿ ನೀರು ಚೆನ್ನಾಗಿದೆ ಎಂದು ದಯವಿಟ್ಟು ಕುಡಿಯಬೇಡಿ. ಕುಡಿಯುವ ನೀರಿನ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಮ್ಮ ಮೂಗಿಗೂ ನಾಲಿಗೆಗೂ ಗೊತ್ತಾಗುವುದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದಾಗ. ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು. ಕುದಿಸಿ ಕುಡಿಯುತ್ತೇವೆ ಎನ್ನುವವರೂ ಇದ್ದಾರೆ; ಕುದಿಸಿದರೆ ಅದು ಅಡುಗೆಮನೆಯ ಗಾಳಿಗೆ ಸೇರುತ್ತದೆ.

ವರದಿ ಕೈಗೆ ಬಂದರೆ ಮಾದರಿ ತೆಗೆದ ಜಾಗದ ನಕ್ಷೆ ಕೇಳಿ. ಕೊಳವೆ ಎಲ್ಲಿ ಹಾದಿತ್ತು, ಎಷ್ಟು ಆಳಕ್ಕೆ ಕೊರೆದರು, ಅಂತರ್ಜಲ ಮುಟ್ಟಿದರೋ ಇಲ್ಲವೋ ನೋಡಿ. ನಕ್ಷೆಯೇ ಇಲ್ಲ ಎಂದರೆ ಆ ವರದಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ನಮ್ಮ ಬಾವಿಯನ್ನು ಮುಚ್ಚಿದ್ದೇವೆ. ಹರಿವಿನ ದಾರಿಯಲ್ಲಿ ನಮ್ಮ ನಂತರ ಇರುವುದು ಪಕ್ಕದ ಮನೆಯ ಬಾವಿ. ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಬಂದೆ. ಅವರ ನೀರಿನ ಸೀಸೆ ನಿನ್ನೆ ಪ್ರಯೋಗಾಲಯಕ್ಕೆ ಹೋಗಿದೆ.