ಹುಂಜ ಚೆನ್ನಾಗಿದೆ, ಅಂಗಡಿಯವರ ಸಲಹೆ ಬೇಡ

ಧಾರವಾಡದ ಒಂದು ಕೋಳಿ ಅಂಗಡಿಯಲ್ಲಿ ಗಿರಿರಾಜ ತಳಿಯ ಹುಂಜ ತಗೊಂಡೆ. ಹುಂಜಕ್ಕೆ ಪೂರ್ತಿ ಮಾರ್ಕ್ಸ್. ಕೆಂಪು ಜುಟ್ಟು, ಚುರುಕು ಕಣ್ಣು, ರೆಕ್ಕೆ ಕೆಳಗೆ ಹೇನಿಲ್ಲ. ರೇಟು ಜಾಸ್ತಿ, ಇರಲಿ.

ಆದರೆ ಅಂಗಡಿಯವರು "ಸುಮ್ನೆ ಹೋಗಿ ಕೋಳಿಗಳ ಜೊತೆ ಬಿಡಿ" ಅಂದರು. ಹಾಗೆ ಮಾಡಲೇಬೇಡಿ! ಹೊಸ ಹುಂಜ ರಾಣಿಖೇತ ರೋಗ ಹೊತ್ತು ತಂದರೆ ಮನೆಯ ಕೋಳಿಗಳೆಲ್ಲ ಹೋಗಬಹುದು, ಅದಕ್ಕೇ ಮೊದಲು 3-4 ವಾರ ದೂರ ಇಡಬೇಕು, ಆಮೇಲೆ ಕೆಲವು ದಿನ ಜಾಲರಿಯ ಆಚೆ ಈಚೆ ಇಟ್ಟು ಒಂದನ್ನೊಂದು ನೋಡಲು ಬಿಡಬೇಕು. ಲಸಿಕೆ ಹಾಕಿದ್ದೀರಾ ಅಂತ ಕೇಳಿದರೆ ಹಾರಿಕೆ ಉತ್ತರ. ಇದಕ್ಕೇ ಎರಡು ಸ್ಟಾರ್ ಕಡಿಮೆ. ಇನ್ನೊಂದು ಮಾತು, ಒಂದು ಹುಂಜಕ್ಕೆ 8-10 ಹೇಂಟೆ ಇದ್ದರೆ ಒಳ್ಳೆಯದು. ಕಡಿಮೆ ಇದ್ದರೆ ಹುಂಜ ಅದೇ ಹೇಂಟೆಗಳ ಮೇಲೆ ಮತ್ತೆ ಮತ್ತೆ ಹತ್ತುತ್ತೆ, ಪಾಪ, ಅವುಗಳ ಬೆನ್ನಿನ ಗರಿ ಉಳಿಯಲ್ಲ.